ಲಕ್ಕಪ್ಪನ ಓಪನ್ ಹೌಸು

ಮನೆ ಕೊಳ್ಳುವ ಯಾವ ವಿಚಾರವೂ ಇಲ್ಲದ ನಾನು ಹೋದ ತಿಂಗಳು ಮೂಡಲಗಿಯಿಂದ ಗೋಕಾಕಕ್ಕೆ ಮನೆ ನೋಡಲು ಹೋಗಿದ್ದೆ. ಅದೂ ಇಳಕಲ್ ರೇಷ್ಮೆ ಸೀರೆ ಉಟ್ಟು, ಮಗಳ ಮದುವೆಯ ನಂತರ ಕಪಾಟಿನಿಂದ ಹೊರಗೇ ಬರದ ಸರ ಹಾಕಿಕೊಂಡು.

ಹೀಗೇ ಬರಬೇಕು ಎಂದು ಅಪ್ಪಣೆ ಕೊಡಿಸಿದವನು ನನ್ನ ಅಕ್ಕನ ಮಗ ಲಕ್ಕಪ್ಪ. (ವಿಸಿಟಿಂಗ್ ಕಾರ್ಡಿನಲ್ಲಿ ‘ಲಕ್ಕಿ, ಪ್ರಾಪರ್ಟಿ ಕನ್ಸಲ್ಟಂಟ್’. ನಮ್ಮ ಕಡೆ ಅದಕ್ಕೆ ಏಜೆಂಟ್ ಅಂತಾರೆ. ಸಿಟ್ಟು ಬಂದಾಗ ದಲಾಲ ಅಂತಾರೆ.)

“ಚಿಗವ್ವಾ, ಭಾನುವಾರ ಗೋಕಾಕದಾಗ ಓಪನ್ ಹೌಸ್ ಇಟ್ಟೇನಿ. ನೀ ಬರಬೇಕು” ಎಂದ ಫೋನಿನಲ್ಲಿ.

“ಹಂಗಂದ್ರ ಏನೋ?”

“ಮಾರೂ ಮನಿ ಬಾಗಲಾ ತಗದ ಇಡೂದು. ಯಾರ ಬೇಕಾದ್ರೂ ಬರಬಹುದು, ಅಡ್ಡಾಡಿ ನೋಡಬಹುದು. ಚಾ ಐತಿ, ಬಿಸ್ಕಿಟ್ ಐತಿ.”

“ನನಗ ಮನಿ ಬೇಕಾಗಿಲ್ಲಲ್ಲೋ ತಮ್ಮಾ.”

“ನಿನಗ ಬ್ಯಾಡ. ಆದ್ರ ಮಂದಿ ಬಂದಾರ ಅಂತ ಕಾಣಬೇಕಲ್ಲ? ಖಾಲಿ ಖಾನಾವಳ್ಯಾಗ ಯಾರ ಊಟಕ್ಕ ಕುಂಡ್ರತಾರ ಹೇಳು. ಛಂದಂಗ ಉಟ್ಟಕೊಂಡ ಬಾ.”

ಅರ್ಥವಾಯಿತಲ್ಲ? ನಾನು ಡೂಪ್ಲಿಕೇಟ್ ಗಿರಾಕಿ.

ನಾನು ಹುಟ್ಟಾ ಅನುಮಾನದ ಹೆಂಗಸು, ನಿಮಗೆ ಗೊತ್ತೇ ಇದೆ. ಪುಕ್ಕಟೆ ಚಹಾ ಕೊಡುವ ಅಂಗಡಿಯವರನ್ನು ನಾನು ನಂಬುವುದಿಲ್ಲ. ‘ನೋಡಾಕ ರೊಕ್ಕ ಇಲ್ರಿ’ ಎನ್ನುವ ಸೀರೆ ವ್ಯಾಪಾರಿಯನ್ನಂತೂ ಮೊದಲೇ ನಂಬುವುದಿಲ್ಲ. ಹಾಗಿರುವಾಗ ಇಡೀ ಮನೆಯನ್ನೇ ತೆರೆದಿಟ್ಟು ‘ಬರ್ರಿ, ನೋಡ್ರಿ’ ಎಂದರೆ? ನಮ್ಮ ಕಡೆ ಚಲೋ ಮನೆ ಮಾರಾಟಕ್ಕೆ ಬಂದರೆ ಅದು ಕಿವಿಯಿಂದ ಕಿವಿಗೆ ಹೋಗುತ್ತದೆ. ‘ಯಾರ ಮುಂದೂ ಅನಬ್ಯಾಡ್ರಿ’ ಎಂದು ಶುರುವಾಗಿ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿ ಮಾರಿಯೂ ಹೋಗಿರುತ್ತದೆ. ಬಾಗಿಲಿಗೆ ಬಲೂನು ಕಟ್ಟಿ ಕರೆಯುವ ಗರಜು ಯಾವ ಮನೆಗೆ ಬರುತ್ತದೆ?

ಲಕ್ಕಪ್ಪನ ಅಪ್ಪನಿಗೂ ಇದೇ ಅನುಮಾನ. ನಮ್ಮ ಭಾವ ಮಸಗುಪ್ಪಿ ಊರಿನವರು, ಕುರಿ ವ್ಯಾಪಾರಿ. ಸಂತೆಯಲ್ಲಿ ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ರೇಟು ಮುಗಿಸುವವರು. ಪಕ್ಕದಲ್ಲಿ ನಿಂತವನಿಗೂ ಏನಾಯಿತೆಂದು ತಿಳಿಯುವುದಿಲ್ಲ. ಅವರ ಮಗ ಬಾಗಿಲು ತೆರೆದು ವ್ಯಾಪಾರಕ್ಕೆ ನಿಂತಿದ್ದಾನೆ. “ಕುರಿ ಕೊಳ್ಳಾಂವ ಬಾಯಿ ತಗದ ಹಲ್ಲ ನೋಡತಾನ” ಎಂದರು ಭಾವ. “ಮನಿ ಹಲ್ಲ ಎಲ್ಲಿರತಾವ ಅಂತ ಯಾರಿಗೆ ಗೊತ್ತೈತಿ?” ಅಕ್ಕ ಮಾತ್ರ ನನ್ನ ಕೈ ಹಿಡಿದು, “ನಮ್ಮ ಹುಡಗಂದು ಇದ ಮೊದಲನೇ ಮನಿ. ಹೋಗಿ ನಾಕ ಚಲೋ ಮಾತಾಡು. ನಿನ್ನ ಬಾಯಿ ಅಲ್ಲಿ ಬಿಚ್ಚಬ್ಯಾಡ” ಎಂದಳು. ತಂಗಿಯ ಬಾಯಿಯ ಮೇಲೆ ಅಷ್ಟು ಭರವಸೆ.

ಹೋದೆ. ಮನೆ ಗೋಕಾಕದ ಹಳೇ ಓಣಿಯೊಂದರಲ್ಲಿ ಇತ್ತು. ಮಾಲೀಕರು ಬೆಳಗಾವಿ ಸೇರಿ, ಕೀಲಿಕೈ ಲಕ್ಕಪ್ಪನಿಗೆ ಕೊಟ್ಟಿದ್ದರು. ಅರಿಷಿಣ ಬಣ್ಣ ಬಳಿದು ಬಹಳ ದಿನ ಆಗಿರಲಿಲ್ಲ, ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಎಲ್ಲ ಕಿಟಕಿಗಳೂ ತೆರೆದಿದ್ದವು. ಬಚ್ಚಲಿಗೆ ಮಾತ್ರ ಕೀಲಿ. (ಓಪನ್ ಹೌಸಿನಲ್ಲಿ ಬಚ್ಚಲು ಯಾಕೆ ಕ್ಲೋಸ್? ನಳ ರಿಪೇರಿ ಅಂತೆ.) ಆ ಬಿಸಿಲಿನಲ್ಲಿ ಲಕ್ಕಪ್ಪ ಟೈ ಕಟ್ಟಿಕೊಂಡು ಬೆವರುತ್ತ ನಿಂತಿದ್ದ. ನನ್ನನ್ನು ಕಂಡವನೇ ಗುರುತೇ ಇಲ್ಲದವನಂತೆ “ಬರ್ರಿ ಮೇಡಂ, ಒಳಗ ಬರ್ರಿ” ಎಂದ. ನಾನು ಎತ್ತಿ ಆಡಿಸಿದ ಹುಡುಗ.

ಒಳಗೆ ಹೋದರೆ ಇನ್ನಷ್ಟು ತಮಾಷೆ. ಅಡುಗೆಮನೆಯಲ್ಲಿ ಗಂಭೀರವಾಗಿ ನಿಂತಿದ್ದವಳು ಲಕ್ಕಪ್ಪನ ದೋಸ್ತನ ಹೆಂಡತಿ. ಪಡಸಾಲೆಯಲ್ಲಿ ಗೋಡೆ ಬಡಿದು ನೋಡುತ್ತಿದ್ದವನು ಲಕ್ಕಪ್ಪನ ಮೊಬೈಲ್ ರಿಪೇರಿ ಮಾಡುವವನು. ಎಲ್ಲರೂ ನನ್ನಂಥವರೇ. ಒಬ್ಬರನ್ನೊಬ್ಬರು ಗುರುತು ಹಿಡಿಯದಂತೆ ನಟಿಸುತ್ತ, “ಗಾಳಿ ಬೆಳಕ ಚಲೋ ಐತಿ ನೋಡ್ರಿ” ಎಂದು ಹೇಳಿಕೊಳ್ಳುತ್ತ ಅಡ್ಡಾಡುತ್ತಿದ್ದೆವು.

ಖರೇ ಗಿರಾಕಿ ಎಂದರೆ ಒಂದೇ ಜೋಡಿ. ಹಿಡಕಲ್‌ನಿಂದ ಬಂದಿದ್ದ ಪರಶುರಾಮ ಮತ್ತು ಅವರ ಹೆಂಡತಿ ಶಾಂತಾಬಾಯಿ. ಪರಶುರಾಮ ಅಲ್ಲಿನ ಡ್ಯಾಮಿನ ಮೇಲೆ ನೌಕರಿ ಮಾಡುವವರು, ಇನ್ನೇನು ರಿಟೈರ್ ಆಗುತ್ತಾರೆ. ಕ್ವಾರ್ಟರ್ಸ್ ಬಿಡಬೇಕು. ಮದುವೆಯಾಗಿ ಬಂದ ದಿನದಿಂದ ಶಾಂತಾಬಾಯಿ ಇದ್ದದ್ದು ಕ್ವಾರ್ಟರ್ಸಿನಲ್ಲೇ.

“ಅಕ್ಕಾರ, ಒಂದ ಮೊಳಿ ಹೊಡೀಬೇಕಾದ್ರೂ ಹಿಂದ ಮುಂದ ನೋಡಬೇಕಿತ್ರಿ” ಎಂದರು ನನ್ನ ಪಕ್ಕ ಬಂದು. “ಗ್ವಾಡಿ ನಮ್ಮದಲ್ಲಲ್ರಿ. ಇನ್ನ ಮ್ಯಾಲ ನಮ್ಮ ಗ್ವಾಡಿಗೆ ನಾವ ಮೊಳಿ ಹೊಡೀತೇವಿ. ಇರೂದೆಲ್ಲಾ ಇದರಾಗ ಹಾಕಾಕತ್ತೇವಿ, ಇನ್ನೊಮ್ಮಿ ಮನಿ ಕೊಳ್ಳೂದು ನಮ್ಮ ಕೈಲಾಗೂದುಲ್ಲ. ನೀವೂ ತಗೋಳಾಕ ಬಂದೀರೇನ್ರಿ? ನಿಮಗ ಹೆಂಗ ಅನಸ್ತು?”

“ಗಾಳಿ ಬೆಳಕ ಚಲೋ ಐತ್ರಿ” ಎಂದೆ. ಹೇಳುವಾಗ ನಾಲಿಗೆ ತಡವರಿಸಿತು.

ಅಷ್ಟರಲ್ಲಿ ಓಣಿಯ ನೆರೆಹೊರೆಯವರು ಚಹಾಕ್ಕೆ ಬಂದರು. ಬಂದವರೇ ಹೊಗಳಲು ಶುರು. ಬಂಗಾರದಂಥ ಮನಿ, ಬಂಗಾರದಂಥ ಓಣಿ, ಪುಣ್ಯಾ ಮಾಡಿದವರಿಗೆ ಸಿಗತೈತಿ. ನನ್ನ ಕಿವಿ ನೆಟ್ಟಗಾಯಿತು. ನೆರೆಯವರು, ಅದೂ ಪಕ್ಕದ ಮನೆಯನ್ನು, ಬಾಯಿ ತುಂಬ ಹೊಗಳುವುದೇ? ನಮ್ಮ ಓಣಿಯಲ್ಲಿ ನಾನು ಗಚ್ಚಿಯ ಮೇಲೆ ಒಂದು ರೂಮು ಕಟ್ಟಿಸಿದಾಗ ಪಕ್ಕದವರು ಹೇಳಿದ್ದು ‘ಬಿಸಲಿಗೆ ಕಾಯತೈತಿ ನೋಡ್ರಿ’ ಎಂದು.

ಶಾಂತಾಬಾಯಿ ದೇವರಿಗೆ ಕೈ ಮುಗಿಯಲು ಹೋದರು. ಖಾಲಿ ಮನೆಯಾದರೂ ದೇವರ ಮಾಡದಲ್ಲಿ ಲಕ್ಕಪ್ಪ ಒಂದು ಫೋಟೊ ಇಟ್ಟು ಹೂವು ಏರಿಸಿದ್ದ. ಅವರು ಕುಂಕುಮ ಹಚ್ಚಲು ಕೈ ಎತ್ತಿದರು. ಎಟುಕಲಿಲ್ಲ. ತುದಿಗಾಲಲ್ಲಿ ನಿಂತರು. ಆಗಲೂ ಎಟುಕಲಿಲ್ಲ.

“ದೇವರನ್ನ ಯಾಕ್ರಿ ಇಷ್ಟ ಮ್ಯಾಲ ಇಟ್ಟಾರ?”

“ವಾಸ್ತು ರೀ” ಎಂದ ಲಕ್ಕಪ್ಪ.

ಹೌದೇ? ನಾನು ಗೋಡೆ ನೋಡಿದೆ. ಲೈಟಿನ ಬಟನ್ನುಗಳೂ ನನ್ನ ತಲೆಗಿಂತ ಮೇಲೆ. “ಇದೂ ವಾಸ್ತುನ ಏನ್ರಿ?” ಎಂದೆ. “ಸಣ್ಣ ಹುಡುಗರ ಕೈಗೆ ಸಿಗಬಾರದಂತ್ರಿ ಮೇಡಂ” ಎಂದ. ಉತ್ತರ ಬಹಳ ಬೇಗ ಬಂತು. ಬೇಗ ಬಂದ ಉತ್ತರವನ್ನು ನಾನು ನಂಬುವುದಿಲ್ಲ.

ಕುಡಿಯುವ ನೀರಿನ ನೆಪ ಮಾಡಿ ಪಕ್ಕದ ಮನೆಗೆ ಹೋದೆ. ಆ ಮನೆಯ ಗಂಗವ್ವ ತಂಬಿಗೆ ತರಲು ಒಳಗೆ ಹೋದಾಗ ಕಣ್ಣಾಡಿಸಿದೆ. ಅಲ್ಲಿಯೂ ದೇವರು ಮೇಲೆ, ಬಟನ್ನು ಮೇಲೆ. ಫ್ರಿಜ್ಜು ಸೊಂಟದೆತ್ತರದ ಕಟ್ಟೆಯ ಮೇಲೆ. ಜೋಳದ ಚೀಲಗಳು ಅಟ್ಟದ ಮೇಲೆ. ಇಡೀ ಓಣಿಗೆ ಒಂದೇ ವಾಸ್ತು ಹೇಳಿದ ಪುಣ್ಯಾತ್ಮ ಯಾರು? ಗೋಕಾಕದಲ್ಲಿ ಅವನೊಬ್ಬನೇ. ಮಳೆಗಾಲದ ಹೊಳೆ.

ಗಂಗವ್ವನ ಜೊತೆ ತಿರುಗಿ ಬಂದಾಗ ಪರಶುರಾಮ ಲಕ್ಕಪ್ಪನ ಜೊತೆ ಅಡ್ವಾನ್ಸಿನ ಮಾತು ತೆಗೆದಿದ್ದರು. ಶಾಂತಾಬಾಯಿ ತುಳಸಿಕಟ್ಟೆ ಎಲ್ಲಿ ಎಂದು ಅಂಗಳದಲ್ಲಿ ಜಾಗ ನೋಡುತ್ತಿದ್ದರು. ನನಗೆ ಸಿಟ್ಟು ಬಂತು. ಲಕ್ಕಪ್ಪನ ಮೇಲೆ, ನೆರೆಯವರ ಮೇಲೆ, ರೇಷ್ಮೆ ಉಟ್ಟು ನಿಂತ ನನ್ನ ಮೇಲೆ. ಅಕ್ಕನ ಮಾತು ನೆನಪಾಯಿತು. ನೆನಪಾದರೂ ಬಾಯಿ ಬಿಚ್ಚಿತು.

“ಅಲ್ರಿ ಗಂಗವ್ವಾರ, ಹೊಳಿ ಬಂದಾಗ ಈ ಮನ್ಯಾಗ ನೀರ ಎಷ್ಟ ಬಂದಿದ್ವು?”

ಎಲ್ಲರೂ ಚಹಾದ ಕಪ್ಪು ನೋಡತೊಡಗಿದರು. ಲಕ್ಕಪ್ಪ ಟೈ ಸಡಿಲು ಮಾಡಿದ.

“ನಮ್ಮ ಓಣಿಗೆ ನೀರ ಎಲ್ಲಿ ಬರತಾವ್ರಿ” ಎಂದರು ಗಂಗವ್ವ, ಬೇರೆ ಕಡೆ ನೋಡುತ್ತ.

ಸುಳ್ಳು ಹೇಳುವವರಿಗೆ ನೀವು ಸುಳ್ಳು ಎಂದರೆ ಜಗಳವಾಗುತ್ತದೆ. ನಾನು ಹಾಗೆ ಅನ್ನಲಿಲ್ಲ. “ಖರೆ ಬಿಡ್ರಿ” ಎಂದೆ. “ಬಂದಿದ್ರೂ ಅಂಗಾಲ ತೋಯುವಷ್ಟ ಬಂದಿರಬೇಕು. ನಿಮ್ಮ ಓಣಿಯವರಿಗೇನ ಅಂಥಾ ತ್ರಾಸ ಆಗಿಲ್ಲ.”

ಎದುರು ಮನೆಯ ಹಿರಿಯರೊಬ್ಬರು ಕಪ್ಪನ್ನು ಕೆಳಗಿಟ್ಟರು. “ಅಂಗಾಲ? ಏನ ಮಾತಾಡತೀರಿ ಬಾಯಾರ? ನಮ್ಮ ಮನ್ಯಾಗ ಎದಿಮಟಾ ಬಂದಿತ್ತು” ಎಂದು ಎದೆಯ ಮೇಲೆ ಕೈ ಅಡ್ಡ ಇಟ್ಟು ತೋರಿಸಿದರು.

“ನಿಮ್ಮಲ್ಲಿ ಎದಿಮಟಾ ಕಾಕಾ, ನಮ್ಮಲ್ಲಿ ಕುತ್ತಿಗಿಮಟಾ” ಎಂದ ಇನ್ನೊಬ್ಬ.

ಗಂಗವ್ವನಿಗೆ ತಡೆಯಲಾಗಲಿಲ್ಲ. “ಇವರದೆಲ್ಲಾ ಏನ ಹೇಳ್ತೀರಿ? ನಮ್ಮ ಮನ್ಯಾಗ ದೇವರ ಮುಳಗಿದ್ರು. ಈ ಮನಿ ನಮ್ಮದಕ್ಕಿಂತಾ ತೆಗ್ಗಿನ್ಯಾಗ ಐತಿ, ಇಲ್ಲಿ ಅಟ್ಟಕ್ಕ ನೀರ ಹತ್ತಿತ್ತು.”

ನಮ್ಮ ಮಂದಿಗೆ ಸುಳ್ಳು ಹೇಳಲು ಬರುತ್ತದೆ ಸ್ವಾಮಿ. ತಮ್ಮ ತ್ರಾಸು ಮತ್ತೊಬ್ಬರ ತ್ರಾಸಿಗಿಂತ ಸಣ್ಣದು ಎಂದು ಒಪ್ಪಲು ಮಾತ್ರ ಬರುವುದಿಲ್ಲ. ಆ ಅಂಗಳದಲ್ಲಿ ಕೈಗಳು ಮೇಲೆ ಮೇಲೆ ಹೋದವು. ಯಾರ ಮನೆಯಲ್ಲಿ ನೀರು ಹೆಚ್ಚು, ಯಾರ ಟ್ರಂಕು ತೇಲಿ ಹೋಯಿತು, ಯಾರು ಮೊದಲು ಗಚ್ಚಿ ಹತ್ತಿದರು ಎಂದು ಜಗಳವೇ ಬಿತ್ತು. ಅಲ್ಲಿಗೆ ಬಂಗಾರದ ಓಣಿ ಮುಗಿಯಿತು.

ಶಾಂತಾಬಾಯಿ ಗಂಡನ ಕಡೆ ತಿರುಗಿದರು. “ಮಳಿಗಾಲದಾಗ ಗೇಟ್ ತಗದಾಗ ನಾವು ಡ್ಯಾಮ್ ಮ್ಯಾಲ ನಿಂತ ನೋಡತಿದ್ವಿ. ಎಷ್ಟ ಛಂದ ಕಾಣತೈತಿ ಅಂತಿದ್ವಿ. ಅವು ನೀರ ಇಲ್ಲಿಗೆ ಬರತಿದ್ವು?” ಪರಶುರಾಮ ಚಪ್ಪಲಿ ಮೆಟ್ಟಿಕೊಂಡರು. ಹೋಗುವ ಮುಂದೆ ಶಾಂತಾಬಾಯಿ ನನ್ನ ಎರಡೂ ಕೈ ಹಿಡಿದು, “ನೀವ ಕೇಳಿದ್ದ ಚಲೋ ಆತ್ರಿ ಅಕ್ಕಾರ. ನಮಗ ಅದು ಹೊಳೀತಿದ್ದಿಲ್ಲ” ಎಂದರು.

ಅಕ್ಕ ಒಂದು ವಾರ ಫೋನು ಮಾಡಲಿಲ್ಲ. ಮಾಡುತ್ತಾಳೆ ಎಂದು ನಾನೂ ತಿಳಿದಿರಲಿಲ್ಲ.

ಬಂದವನು ಲಕ್ಕಪ್ಪ, ಕೈಯಲ್ಲಿ ಕರದಂಟಿನ ಡಬ್ಬಿ ಹಿಡಿದು. ಬೈಯಲು ಬಂದವನು ಸಿಹಿ ಯಾಕೆ ತರುತ್ತಾನೆ? ನನಗೆ ಮತ್ತೆ ಅನುಮಾನ.

“ಚಿಗವ್ವಾ, ನೀ ಮಾಡಿದ್ದ ಲುಕ್ಸಾನ ಅಲ್ಲ, ಫಾಯ್ದೆ” ಎಂದ. ಓಣಿಯವರು ಹೊಗಳಿದ್ದು ಯಾಕೆಂದು ಆಗ ತಿಳಿಯಿತು. ಅವರೂ ಮಾರುವವರೇ. ಆ ಮನೆಗೆ ಚಲೋ ರೇಟು ಬಂದರೆ ತಮ್ಮದಕ್ಕೂ ಬರುತ್ತದೆ ಎಂದು ಕಾದಿದ್ದರು. ಜಗಳ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ‘ನಮ್ಮದೂ ಒಂದ ನೋಡಪಾ’ ಎಂದು ಅವನಿಗೇ ಹೇಳಿ ಹೋಗಿದ್ದಾರೆ. ಬಂದವರೆಲ್ಲರ ಮೊಬೈಲ್ ನಂಬರುಗಳು ಅವನ ಹತ್ತಿರ ಇವೆ. ಇದಕ್ಕಿಂತ ದೊಡ್ಡದು ಇನ್ನೊಂದು. ಲಕ್ಕಿಯ ಓಪನ್ ಹೌಸಿನಲ್ಲಿ ಏನೂ ಮುಚ್ಚಿಡುವುದಿಲ್ಲ, ಖರೇ ಖರೇ ಹೇಳುತ್ತಾರೆ ಎಂದು ಹುಕ್ಕೇರಿಯವರೆಗೆ ಸುದ್ದಿ ಹೋಗಿದೆಯಂತೆ.

“ಆ ಮನಿ?” ಎಂದೆ.

“ಅದ ಹಂಗ ಐತಿ, ಬಚ್ಚಲದಾಗ ನೀರಿನ ಗೆರಿನೂ ಹಂಗ ಐತಿ. ಓಪನ್ ಹೌಸ್‌ದಾಗ ಮನಿ ಮಾರೂದುಲ್ಲ ಚಿಗವ್ವಾ. ಅಲ್ಲಿ ಮಂದಿ ಸಿಗತಾರ.”

ಏಜೆಂಟರಿಗೆ ಈ ಓಪನ್ ಹೌಸಿನಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ಇದಕ್ಕಿಂತ ಚಲೋ ಉತ್ತರ ನನ್ನಲ್ಲಿಲ್ಲ. ಮಾಲೀಕನಿಗೆ ಸಿಕ್ಕಿದ್ದು ಧೂಳು ಹೆಜ್ಜೆ ಮತ್ತು ಊರ ತುಂಬ ಕೆಟ್ಟ ಹೆಸರು. ನೋಡಲು ಬಂದವರಿಗೆ ಸಿಕ್ಕಿದ್ದು ಬಿಸ್ಕಿಟ್ಟು. ಮಾರಾಟವಾಗಿದ್ದು ಮನೆಯಲ್ಲ, ಮನೆ ನೋಡಲು ಹೋದವರು.

ಹೋದ ಭಾನುವಾರ ಅವನ ಎರಡನೆಯ ಓಪನ್ ಹೌಸು. ಈ ಸಲ ಗೋಕಾಕ ಫಾಲ್ಸ್ ದಾರಿಯ ಎತ್ತರದಲ್ಲಿ, ಹೊಸ ಮನೆ. “ನೀ ಬಾ, ಏನ ಕೇಳಬೇಕೋ ಎಲ್ಲಾರ ಮುಂದ ಕೇಳು” ಎಂದ. ನಾನು ದಿನದ ಸೀರೆಯಲ್ಲೇ ಹೋದೆ. ನಟನೆಗಲ್ಲ, ಹುಡುಕಲು.

ಪರಶುರಾಮ, ಶಾಂತಾಬಾಯಿ ಅಲ್ಲಿದ್ದರು. ಈ ಸಲ ಲಕ್ಕಪ್ಪ ‘ಇವರು ನಮ್ಮ ಚಿಗವ್ವ’ ಎಂದು ಗುರುತು ಹೇಳಿದ, ಶಾಂತಾಬಾಯಿ ನನ್ನ ನಂಬರು ತೆಗೆದುಕೊಂಡರು. ನಾನು ಪ್ರತಿ ಕೋಣೆ ಸುತ್ತಿದೆ. ಕಾಲಡಿ ಬಂಡೆ, ಹೊಳೆ ಎಷ್ಟೋ ಕೆಳಗೆ. ದೇವರು ಕೈಗೆ ಎಟುಕುವಲ್ಲಿ ಇದ್ದ. ಬಚ್ಚಲು ತೆರೆದಿತ್ತು, ನಳದಲ್ಲಿ ನೀರು ಬಂತು. ಹೊಗಳಲು ನೆರೆಯವರೂ ಇರಲಿಲ್ಲ, ಸುತ್ತ ಖಾಲಿ ಪ್ಲಾಟುಗಳು. ಕಾಗದಪತ್ರ ವಕೀಲರು ನೋಡಿದ್ದಾರೆ ಎಂದರು ಪರಶುರಾಮ. ಕೇಳಲು ನನಗೆ ಏನೂ ತೋಚಲಿಲ್ಲ. ಶಾಂತಾಬಾಯಿ ಯಾವ ಕೋಣೆಯಲ್ಲಿದ್ದರೂ ನನ್ನ ಮುಖವನ್ನೇ ನೋಡುತ್ತಿದ್ದರು. ಲಕ್ಕಪ್ಪ ಬಾಗಿಲಲ್ಲಿ ನಿಂತು ಅವರನ್ನು ನೋಡುತ್ತಿದ್ದ. ನಾನು ಚಹಾ ಕುಡಿದು ಬಂದೆ.

ಮರುದಿನ ಶಾಂತಾಬಾಯಿಯ ಫೋನು ಬಂತು. ದನಿಯಲ್ಲಿ ಸಡಗರ.

“ಅಕ್ಕಾರ, ಅಡ್ವಾನ್ಸ್ ಕೊಟ್ಟ ಬಂದ್ವಿರಿ.”

“ಭಾಳ ಚಲೋ ಆತ್ರಿ” ಎಂದೆ. “ಎಲ್ಲಾ ವಿಚಾರ ಮಾಡಿ ನೋಡಿದ್ರಿ ಹೌದಿಲ್ಲೋ? ಬ್ಯಾಸಗ್ಯಾಗ ಹೆಂಗ, ಮಳ್ಯಾಗ ಹೆಂಗ, ಯಾರಿಗರ ಕೇಳಿದ್ರೇನು?”

“ಮತ್ತೊಬ್ಬರಿಗೆ ಯಾಕ ಕೇಳೂದ್ರಿ? ನೀವ ಇದ್ರಲ್ಲ” ಎಂದು ನಕ್ಕರು. “ನಿಮ್ಮ ಲಕ್ಕಪ್ಪನ ಹೇಳಿದ್ನರಿ, ನಮ್ಮ ಚಿಗವ್ವನ ಮಾರಿ ನೋಡ್ರಿ, ತಪ್ಪ ಇದ್ರ ಆಕಿ ಬಿಡಾಕಿ ಅಲ್ಲ ಅಂತ. ನೀವು ಏನೂ ಕೇಳಲಿಲ್ಲ. ಅದಕ್ಕ ನಾವು ಹೂಂ ಅಂದ್ವಿ.”

ಫೋನಿಟ್ಟ ಮೇಲೆ ಒಲೆಯ ಮೇಲಿನ ಸಾರು ಹೊತ್ತಿಹೋಗಿದ್ದೂ ಗೊತ್ತಾಗಲಿಲ್ಲ. ಮನೆ ಚಲೋ ಇರಬಹುದು. ಲಕ್ಕಪ್ಪನೂ ಚಲೋ ಇರಬಹುದು. ಆದರೆ ಅಂದಿನಿಂದ ನಾನು ಆ ಮನೆಯ ಕೋಣೆಗಳನ್ನು ಮನಸ್ಸಿನಲ್ಲೇ ಸುತ್ತುತ್ತಿದ್ದೇನೆ. ಗೋಡೆ, ನಳ, ಬಾಗಿಲು, ಸುತ್ತಲಿನ ಖಾಲಿ ಪ್ಲಾಟು.

ನೀವಾದರೂ ಹೇಳಿ, ಅಲ್ಲಿ ನಾನು ಕೇಳಬೇಕಾಗಿದ್ದುದು ಏನು?