ಗಿರಿಮಲ್ಲಪ್ಪನ ಪಾದಗಳು

ಗಿರಿಮಲ್ಲಪ್ಪ ಹಿಪ್ಪರಗಿ ಕಡೆಯ ಹೊಲಗಳಿಂದ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಬ್ರೇಕನ್ನಾಗಲಿ ಕ್ಲಚ್ಚನ್ನಾಗಲಿ ಅವನು ನೋಡಿ ತುಳಿದವನಲ್ಲ. ಹಿಂದೆ ಟ್ರೇಲರ್ ತುಂಬ ಕಬ್ಬಿದ್ದರೂ ಇಳಿಜಾರಿನಲ್ಲಿ ಎಷ್ಟು ಒತ್ತಬೇಕು ಎಂಬುದು ಅಂಗಾಲಿಗೇ ತಿಳಿಯುತ್ತಿತ್ತು.

ಒಂದು ಸಂಜೆ ರಬಕವಿಯ ಮನೆಗೆ ಬಂದಾಗ ಹೆಂಡತಿ ರಂಜನಾ ಅವನ ಕಾಲು ನೋಡಿದಳು.

“ಇನ್ನೊಂದು ಚಪ್ಪಲಿ ಎಲ್ಲಿ ಬಿಟ್ರಿ?”

ಅವನೂ ಬಗ್ಗಿ ನೋಡಿದ. ಎಡಗಾಲು ಬರಿದಾಗಿತ್ತು. ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು. ನೋವಿರಲಿಲ್ಲ.

ಜಮಖಂಡಿಯ ಡಾಕ್ಟರು ಅವನನ್ನು ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ತಾನು ನೆಟ್ಟಗೆ ನಿಂತಿದ್ದೇನೆ ಎಂದೇ ಅವನು ತಿಳಿದಿದ್ದ. ಅವರು ರಟ್ಟೆ ಹಿಡಿದಾಗ ಕಣ್ಣು ತೆರೆದರೆ, ಗೋಡೆಯ ಕಡೆ ಪೂರ್ತಿ ವಾಲಿದ್ದ.

“ಸಕ್ಕರಿ ಕಾಯಿಲೆ ಹಳೇದೈತ್ರಿ. ಪಾದದ ನರ ಸತ್ತಾವು. ಕಾಲು ಎಲ್ಲೈತಿ ಅನ್ನೂದನ್ನ ಇನ್ನ ಕಣ್ಣಲೆ ನೋಡಿ ತಿಳಕೋಬೇಕು. ಗಾಡಿ ಹೊಡಿಬ್ಯಾಡ್ರಿ.”

ಕಬ್ಬಿನ ಹಂಗಾಮು ಮುಗಿಯಲಿ ಎಂದುಕೊಂಡು ಅವನು ಗಾಡಿ ಹೊಡೆಯುತ್ತಲೇ ಇದ್ದ. ಒಮ್ಮೆ ರಸ್ತೆ, ಒಮ್ಮೆ ಕಾಲು, ಹೀಗೆ ನೋಡುತ್ತ ನಡೆಸಿದ. ಹುನ್ನೂರಿನ ತಿರುವಿನಲ್ಲಿ ಹಾಗೆ ಕೆಳಗೆ ನೋಡಿ ತಲೆ ಎತ್ತುವಷ್ಟರಲ್ಲಿ ಎದುರಿನ ಬೈಕು ರಸ್ತೆ ಬಿಟ್ಟು ಮಣ್ಣಿಗಿಳಿದು ಬಿದ್ದಿತ್ತು. ಅದನ್ನು ನಡೆಸುತ್ತಿದ್ದ ಹೆಂಗಸು ಪಕ್ಕದಲ್ಲಿ ಕೂತು ತರಚಿದ ಮೊಣಕೈಗೆ ಬಾಯಿಂದ ಊದುತ್ತಿದ್ದಳು. ಅವನು ಇಳಿದು ನೀರು ಕೊಟ್ಟ.

ಅಂದೇ ಟ್ರ್ಯಾಕ್ಟರಿನ ಮಾಲೀಕ ಶಿವಯೋಗಿಗೆ ಕೀಲಿ ಕೊಟ್ಟುಬಿಟ್ಟ.

“ಆರಾಮ ಆದ ಮ್ಯಾಲ ಬರ್ರಿ ಕಾಕಾ.”

“ಬ್ರೇಕ್ ಮ್ಯಾಲ ಕಾಲೈತೋ ಇಲ್ಲೋ ನನಗ ತಿಳಿಯೂದಿಲ್ಲ ತಮ್ಮಾ. ಬರೂದಿಲ್ಲ.”

ಮನೆಯಲ್ಲಿ ಕೂತ. ಓಣಿಯ ಮಗ್ಗಗಳು ನಡೆದಾಗ ಮೊದಲೆಲ್ಲ ನೆಲದ ನಡುಕ ಪಾದದಿಂದ ಮೊಣಕಾಲಿನವರೆಗೆ ಏರುತ್ತಿತ್ತು. ಈಗ ಸದ್ದು ಮಾತ್ರ ಕೇಳುತ್ತಿತ್ತು. ನೆಲ ಎಲ್ಲೋ ದೂರ ಇದ್ದಂತೆ. ಮುಖ ತೊಳೆಯಲು ಕಣ್ಣು ಮುಚ್ಚಿದವನು ಎರಡು ಸಲ ಬಚ್ಚಲಲ್ಲಿ ಬಿದ್ದ. ರಂಜನಾ ಅಲ್ಲೊಂದು ಸ್ಟೂಲ್ ಇಟ್ಟಳು.

ನಡೆಯುವುದಕ್ಕೆ ಅವನೇ ದಾರಿ ಕಂಡುಕೊಂಡ. ಬೆರಳ ತುದಿಯನ್ನು ಮನೆಗಳ ಗೋಡೆಗೆ ತಾಗಿಸಿಕೊಂಡು ಹೋದರೆ ಮೈ ವಾಲುತ್ತಿರಲಿಲ್ಲ, ಕೆಳಗೆ ನೋಡಬೇಕಾಗಿರಲಿಲ್ಲ. ಗಿಲಾವು ಒರಟು, ಬಾಗಿಲ ಕಟ್ಟಿಗೆ ನುಣುಪು, ಕಲ್ಲಿನ ಕಂಬ ತಂಪು. ದಿನಾ ಚಹಾದಂಗಡಿಯವರೆಗೆ ಹೋಗಿ ಬರತೊಡಗಿದ.

ವರ್ಷ ಕಳೆಯಿತು. ಒಂದು ಬೆಳಿಗ್ಗೆ ಅಂಗಡಿಯಲ್ಲಿ ಕಪ್ಪು ಎತ್ತುವಾಗ ಬೆರಳುಗಳೆಲ್ಲ ಬೆಳ್ಳಗಿದ್ದದ್ದು ಕಂಡಿತು. ದಾರಿಯ ಯಾವುದೋ ಗೋಡೆಗೆ ಆಗಷ್ಟೇ ಸುಣ್ಣ ಬಳಿದಿದ್ದರು. ಹಸಿ ಎಂದು ಅವನ ಬೆರಳಿಗೆ ತಿಳಿದಿರಲಿಲ್ಲ.

ಬೆರಳನ್ನು ಲುಂಗಿಗೆ ಒರೆಸಿಕೊಂಡು ಚಹಾ ಕುಡಿದ.