ಬ್ರೇಕು ನೋಡಿ ಒಪ್ಪಿದ ಗಂಡು

ಇವತ್ತು ಬೆಳಿಗ್ಗೆ ಹನೂರಿನಿಂದ ಬರುವಾಗ ನಮ್ಮ ಯಜಮಾನರು, ಮೊನ್ನೆ ಕೊಂಡ ಹಳೇ ಕಾರಿನ ಗತ್ತಿನಲ್ಲಿ, ಹಾಲಿನ ಕ್ಯಾನು ಕಟ್ಟಿದ್ದ ಸೈಕಲ್ಲೊಂದನ್ನು ಮಣ್ಣಿಗಿಳಿಸಿ ಮುಂದೆ ಹೋದರು. ಟಾರು ಈಗ ಅಗಲವಾಗಿದೆ, ಪಕ್ಕದಲ್ಲಿ ಹೋಗಬಹುದಿತ್ತು. ನನಗೆ ಅಪ್ಪನ ನೆನಪಾಯಿತು.

ಆಗಿನ ಹನೂರು ರಸ್ತೆ ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ನಡುವೆ ಒಂದು ಬಸ್ಸು ಹಿಡಿಸುವಷ್ಟು ಟಾರು, ಅಕ್ಕಪಕ್ಕ ಜಲ್ಲಿ, ಗುಂಡಿ. ಬಸ್ಸು ಬಂದರೆ ಸೈಕಲ್ಲಿನವರು ಮಣ್ಣಿಗಿಳಿಯಬೇಕು. ಯಾರೂ ಬರೆಯದ ಕಾನೂನು. ಕೊಳ್ಳೇಗಾಲದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅಪ್ಪ ಮಾತ್ರ ಇಳಿಯುತ್ತಿರಲಿಲ್ಲ. ರಸ್ತೆಯನ್ನು ತಾನೇ ಹಾಕಿಸಿದವನ ಹಾಗೆ ನಟ್ಟನಡುವೆ ನಿಧಾನಕ್ಕೆ ತುಳಿಯುತ್ತಿದ್ದ. ಕಾಲೇಜಿಗೆ ಹೊರಟ ನಾನು ಹಿಂದಿನ ಕ್ಯಾರಿಯರಿನಲ್ಲಿ. ಬಸ್ಸು ಗುದ್ದಿದರೆ ಮೊದಲು ಸಿಗುವವಳು ಮಗಳು ಎಂಬುದು ಅವನ ಸ್ವಾಭಿಮಾನಕ್ಕೆ ಹೊಳೆದಿರಲಿಲ್ಲ.

ಬೆಳಗಿನ ಪ್ರೈವೇಟ್ ಬಸ್ಸು ದಿನವೂ ನಮ್ಮ ಬೆನ್ನ ಹಿಂದೆ ಕಿರ್ರೆಂದು ನಿಲ್ಲುತ್ತಿತ್ತು. ಡ್ರೈವರು ಬೈಯುತ್ತಿದ್ದ, ಅಪ್ಪ ತಿರುಗಿ ನೋಡದೆಯೇ ಬೈಯುತ್ತಿದ್ದ. ನಾನು ನೋಡುತ್ತಿದ್ದೆ. ತೆಳು ಮೀಸೆ, ಕೆಂಪು ಮುಖ. ಬೈಗುಳವೆಲ್ಲ ಅಪ್ಪನಿಗೆ, ಬ್ರೇಕು ಮಾತ್ರ ನನಗೆ ಎಂದು ತೀರ್ಮಾನಿಸಿಕೊಂಡೆ. ಆ ವಯಸ್ಸಿನ ಬುದ್ಧಿ ಅಷ್ಟೇ.

ಆಮೇಲೊಮ್ಮೆ ನನ್ನನ್ನು ನೋಡಲು ಬಂದ ಗಂಡು ಆ ಡ್ರೈವರೇ, ಈಗಿನ ನಮ್ಮ ಯಜಮಾನರು. ಅಪ್ಪ ಕಾಫಿ ಲೋಟದ ಸಮೇತ ಒಳಗೆ ಬಂದುಬಿಟ್ಟ.

"ದಿನಾ ನನ್ನ ಸಾಯ್ಸಕ್ಕೆ ಬರೋನು ಕಣಮ್ಮಿ ಅವ. ಅವನ್ಗೆ ಎಣ್ಣು ಕೊಡದಾ?"

ನನಗೆ ಈ ಸಂಬಂಧ ಬಿಟ್ಟರೆ ಬೇರೆ ಬೇಡವಾಗಿತ್ತು.

"ದಿನಾ ಬ್ರೇಕ್ ಹಾಕಿ ಉಳ್ಸೋರೂ ಅವ್ರೇ ಅಲ್ವಾ ಅಪ್ಪ? ನೀ ಒಂದಿನಾನಾರ ಇಳ್ದಿದ್ದೀಯಾ?"

ಅಪ್ಪ ಕಾಫಿ ಲೋಟ ಹಿಡಿದು ಮತ್ತೆ ಹೊರಗೆ ಹೋದ. ಮದುವೆಯಾಯಿತು. ರಸ್ತೆಯ ಮೇಲೆ ಮಾವ ಅಳಿಯ ಬೈದಾಡುವುದು ಮುಂದೆಯೂ ನಿಲ್ಲಲಿಲ್ಲ, ಬಹುವಚನ ಮಾತ್ರ ಸೇರಿಸಿಕೊಂಡರು.

ಇವತ್ತು ಹಾಲಿನವನ ಕ್ಯಾನು ವಾಲಿದ್ದು ಕಂಡು ಕೇಳಿದೆ, ಆಗ ಬ್ರೇಕು ಹಾಕುತ್ತಿದ್ದಿರಲ್ಲ, ಈಗೇನಾಯಿತು ಎಂದು.

"ಆಗ ಬಸ್ಸು ಓನರ್‌ದು ಕಣಮ್ಮಿ. ಗುದ್ದಿದ್ರೆ ಕೆಲ್ಸ ಓಗದು," ಎಂದರು, ಗೇರು ಬದಲಿಸುತ್ತ.

ಇಷ್ಟು ವರ್ಷದ ಸಂಸಾರ ನೌಕರಿ ಹೋಗುವ ಹೆದರಿಕೆಯ ಮೇಲೆ ನಿಂತಿತ್ತೇ! ನಗು ಬಂತು, ಸಿಟ್ಟೂ ಬಂತು, ಸಿಟ್ಟೇ ಮೇಲಾಯಿತು. ಕಾರು ನಿಲ್ಲಿಸಿ ಎಂದೆ. ಇಳಿದು ಹಿಂದಕ್ಕೆ ಹೋಗಿ, ಸೈಕಲ್ಲು ಟಾರಿಗೆ ಹತ್ತಿಸಲು ಹಾಲಿನವನ ಜೊತೆ ಕೈ ಜೋಡಿಸಿದೆ. ಆಮೇಲೆ ಕಾರು ದಾಟಿ ರಸ್ತೆಯ ನಟ್ಟನಡುವೆ ಊರಿನ ಕಡೆ ನಡೆಯತೊಡಗಿದೆ. ಕಾರು ನನ್ನ ನಡಿಗೆಯಷ್ಟೇ ನಿಧಾನಕ್ಕೆ ಹಿಂದೆ ಬಂತು. ಅದರ ಹಿಂದೆ ಬಸ್ಸು, ಕಬ್ಬಿನ ಟ್ರ್ಯಾಕ್ಟರು, ಎಲ್ಲವೂ ಅರಚಿಕೊಂಡವು. ನಮ್ಮ ಯಜಮಾನರು ಮಾತ್ರ ತೆಪ್ಪಗಿದ್ದರು. ಓನರು ಯಾರೆಂದು ಗೊತ್ತಾಗಿರಬೇಕು.