ತಕ್ಕಡಿ ಮೇಷ್ಟ್ರ ಕಣ್ಣಳತೆ

ನಮ್ಮ ಶಾಲೆಯ ಗಣಿತದ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ತಕ್ಕಡಿ. ಅದನ್ನು ಕೇಳಿ ಅವರಿಗೆ ಸಿಟ್ಟು ಬರುತ್ತಿರಲಿಲ್ಲ, ಹೆಮ್ಮೆಯಾಗುತ್ತಿತ್ತು. ಮಗುವನ್ನು ಕಂಡ ತಕ್ಷಣ ಅದರ ತೂಕ ಹೇಳಿಬಿಡುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದವರು ಅವರೇ ತಾನೆ. ಹನ್ನೊಂದು ವರ್ಷ ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂತು ವಿಜ್ಞಾನದ ಪೇಪರು ತಿದ್ದಿದವಳು ನಾನು. ಆ ತಕ್ಕಡಿಗೆ ಇದ್ದದ್ದು ಒಂದೇ ತಟ್ಟೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಶಾಲೆ ಶುರುವಾದ ಮೊದಲ ದಿನ ಅವರದು ಒಂದೇ ಪಾಠ. ಒಬ್ಬೊಬ್ಬರನ್ನೇ ಎಬ್ಬಿಸಿ, "ನಿಮ್ಮಪ್ಪ ಏನ್ಮಾಡ್ತಾರೆ?" ಎಂದು ಕೇಳುವುದು. ಡಾಕ್ಟರ ಮಗ ಮುಂದಿನ ಬೆಂಚಿಗೆ, ಬ್ಯಾಂಕ್ ಮ್ಯಾನೇಜರ ಮಗಳು ಅವನ ಹಿಂದಕ್ಕೆ. ಡ್ರೈವರು, ಗಾರೆಯವರು, ಸೈಕಲ್ ರಿಪೇರಿಯವರ ಮಕ್ಕಳೆಲ್ಲ ಗೋಡೆಗೆ ಒರಗಿದ ಕೊನೇ ಬೆಂಚಿಗೆ. ಆಮೇಲೆ ಅಂಕದ ಪುಸ್ತಕ ತೆಗೆದು, ವರ್ಷದ ಕೊನೆಗೆ ಯಾರಿಗೆ ಎಷ್ಟು ಬರುತ್ತದೆಂದು ಪೆನ್ಸಿಲಿನಲ್ಲಿ ಬರೆದಿಡುವುದು. ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು. ಬರದೆ ಏನು ಮಾಡೀತು, ತಿದ್ದುವ ಕೈಯೂ ಅವರದೇ. ಮುಂದಿನ ಬೆಂಚಿನವನು ತಪ್ಪು ಮಾಡಿದರೆ "ಪಾಪ, ಅವಸರದಲ್ಲಿ ಕೈತಪ್ಪಿದೆ." ಹಿಂದಿನ ಬೆಂಚಿನವಳು ಸರಿ ಮಾಡಿದರೆ "ನಡುವೆ ಒಂದು ಹಂತ ನುಂಗಿದ್ದಾಳೆ." ಸಾಲದ್ದಕ್ಕೆ "ಬೆಳೆಯುವ ಸಿರಿ ಮೊಳಕೆಯಲ್ಲೇ ಗೊತ್ತಾಗುತ್ತೆ ಮೇಡಂ" ಎಂದು ನನಗೆ ಉಪದೇಶ ಬೇರೆ. ಮೊಳಕೆಗೆ ನೀರು ಹಾಕೋಕೆ ಸಂಬಳ ತಗೊಳ್ಳುವ ಮನುಷ್ಯ ಈ ಮಾತಾಡಿದರೆ ಮೈ ಉರಿಯದೆ ಇರುತ್ತದೆಯೇ?

ಒಂದು ವರ್ಷ ಎಂಟನೇ ತರಗತಿಯಲ್ಲಿ ಸೈಕಲ್ ರಿಪೇರಿಯವನ ಮಗಳೊಬ್ಬಳಿದ್ದಳು. ಮೇಷ್ಟ್ರು ಅವಳನ್ನು ಕರೆಯುತ್ತಿದ್ದದ್ದೇ ಪಂಕ್ಚರ್ ಎಂದು. ಸೈಕಲ್ ಚೈನಿನ ದೊಡ್ಡ ಹಲ್ಲುಚಕ್ರ ಒಂದು ಸುತ್ತು ಬಂದರೆ ಚಿಕ್ಕದು ಎಷ್ಟು ಸುತ್ತುತ್ತದೆ ಎಂಬುದನ್ನು ಹಲ್ಲು ಎಣಿಸಿ ಬಾಯಲ್ಲೇ ಹೇಳುವ ಹುಡುಗಿ. ಒಂಬತ್ತನೇ ತರಗತಿಗೆ ಹೋಗುವವರಿಗೆಂದು ಇದ್ದ ಹೆಚ್ಚಿನ ಗಣಿತದ ತರಗತಿಯಲ್ಲಿ ಇಪ್ಪತ್ತೇ ಜಾಗ, ವಾರ್ಷಿಕ ಪರೀಕ್ಷೆಯ ಅಂಕದ ಮೇಲೆ ಆಯ್ಕೆ. "ಅದೊಂದು ಸಿಕ್ಕಿದ್ರೆ ಸಾಕು ಮಿಸ್, ಆಮೇಲೆ ಇಂಜಿನಿಯರ್ ಆಗೋದು ನನ್ನ ಜವಾಬ್ದಾರಿ" ಎಂದಿದ್ದಳು ನನ್ನ ಹತ್ತಿರ.

ಆ ವರ್ಷವೇ ಬಂದ ಹೊಸ ಹೆಡ್‌ಮಿಸ್, ಹೆಸರಿರುವ ಮೂಲೆಯನ್ನು ಮಡಿಸಿ ಹೊಲಿದೇ ಪೇಪರು ತಿದ್ದಲು ಕೊಡಬೇಕು ಎಂದರು. ಮೇಷ್ಟ್ರು ಬೆದರಲಿಲ್ಲ. ಅಕ್ಷರ ನೋಡಿದರೆ ಮನೆತನ ಗೊತ್ತಾಗುತ್ತದಂತೆ. ಹಿಂದಿನ ಬೆಂಚಿನ ನೋಟ್ ಪುಸ್ತಕಗಳನ್ನು ವರ್ಷವಿಡೀ ಬಿಚ್ಚಿರಲಿಲ್ಲ, ಮುಂದಿನ ಬೆಂಚಿನವಕ್ಕೆ ನೋಡದೆಯೇ ಸಹಿ. ದುಂಡಗೆ ಬರೆದ ಪೇಪರೊಂದನ್ನು ನನ್ನ ಮುಂದೆ ಹಿಡಿದು, "ಡಾಕ್ಟರ ಮಗಂದು. ಕಣ್ಣಿಗೆ ಒತ್ಕೊಳ್ಳೋ ಹಾಗಿದೆ" ಎಂದು ತೊಂಬತ್ತಾರು ಹಾಕಿದರು. ಅಕ್ಷರ ಯಾರದೆಂದು ನನಗೆ ಗೊತ್ತಿತ್ತು. ತಾವೇ ತೋಡಿದ ಹಳ್ಳಕ್ಕೆ ತಾವೇ ಬೀಳಲಿ ಎಂದು ತೆಪ್ಪಗಿದ್ದೆ.

ಎಲ್ಲರೆದುರು ಹೊಲಿಗೆ ಬಿಚ್ಚಿ, ತೊಂಬತ್ತಾರರ ಪೇಪರು ಪಂಕ್ಚರಿನದೆಂದು ಗೊತ್ತಾದಾಗ ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೆ ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. "ಇದು ನಕಲು" ಎಂದರು. ಯಾರದನ್ನು ನೋಡಿ ಬರೆದಳು ಎಂದು ಕೇಳಿದೆ. ಅವಳಿಗಿಂತ ಹೆಚ್ಚು ತೆಗೆದವರು ತರಗತಿಯಲ್ಲೇ ಇರಲಿಲ್ಲ. "ಅದನ್ನ ಅವರಪ್ಪನ್ನೇ ಕೇಳೋಣ" ಎಂದರು.

ಅಪ್ಪ ಅಂಗಡಿ ಮುಚ್ಚಿ, ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದ. ಯಾರೂ ಕುರ್ಚಿ ತೋರಿಸಲಿಲ್ಲ. ಏನು ತಪ್ಪೆಂದು ತಿಳಿಯುವ ಮೊದಲೇ ಕೈಮುಗಿದು, "ತಪ್ಪಾಯ್ತು ಸಾರ್, ಇದೊಂದ್ಸಲ ಬಿಟ್ಬಿಡಿ" ಎಂದ. ಮಗಳು ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಹೆಡ್‌ಮಿಸ್, ಅವಳೊಬ್ಬಳಿಗೇ ಮರುಪರೀಕ್ಷೆ ಇಟ್ಟರು. ಮೇಲ್ವಿಚಾರಣೆ ನನ್ನದು.

ಎರಡು ಗಂಟೆಯ ಪೇಪರನ್ನು ಒಂದೇ ಗಂಟೆಯಲ್ಲಿ ಮುಗಿಸಿದಳು. ನಾನು ಬಗ್ಗಿ ನೋಡಿದೆ, ಒಂದೂ ತಪ್ಪಿರಲಿಲ್ಲ. ಆಮೇಲೆ ಮೊದಲ ಪುಟಕ್ಕೆ ಹೋಗಿ, ಲೆಕ್ಕಗಳ ಮೇಲೆ ಒಂದೊಂದಾಗಿ ಅಡ್ಡಗೆರೆ ಎಳೆಯತೊಡಗಿದಳು.

"ಯಾಕಮ್ಮ ಹೊಡೆದು ಹಾಕ್ತಿದೀಯ? ಸರಿಯಾಗೇ ಇದೆಯಲ್ಲ."

"ಪಾಸಾಗೋಷ್ಟು ಬಿಟ್ಟಿದೀನಿ ಮಿಸ್. ಜಾಸ್ತಿ ಬಂದ್ರೆ ಮತ್ತೆ ಅಪ್ಪನ್ನ ಕರೆಸ್ತಾರೆ."

ಬೇಡ, ಇನ್ನೊಂದು ಹಾಳೆ ಕೊಡ್ತೀನಿ ಎಂದೆ. ಅವಳು ಪೆನ್ನಿನ ಕ್ಯಾಪು ಹಾಕಿ, ಪೇಪರು ನನ್ನ ಕೈಗಿಟ್ಟು ಹೋದಳು.

ಗೆರೆಗಳ ಅಡಿಯಲ್ಲಿ ಸರಿಯುತ್ತರಗಳು ಓದುವಷ್ಟು ಸ್ಪಷ್ಟವಾಗಿದ್ದವು. ಮೇಷ್ಟ್ರು ಅವನ್ನು ಓದಲಿಲ್ಲ. ಓದಿದ್ದ ನಾನು, ಕೊಠಡಿ ಮೇಲ್ವಿಚಾರಕಿ ಎಂದಿದ್ದ ಕಡೆ ಸಹಿ ಹಾಕಿ ಕೊಟ್ಟೆ.